ಅಭಿಯ ಪಾರ್ಟಿನ ವಿಷಯಕ್ಕೆ ದೊಡ್ಡಪ್ಪನ ವಾಯ್ಸ್ ಮೆಸೇಜು

ಹಾಂ ಸುಮಾ, ಕೇಳ್ತಾ ಇದೆಯಾ? ರೆಕಾರ್ಡ್ ಆಗ್ತಾ ಇದೆ ಕಾಣತ್ತೆ. ಟೈಪ್ ಮಾಡೋಕೆ ನನ್ನ ಕೈಲಿ ಆಗಲ್ಲ ಮಾರಾಯ್ತಿ. ಮಳೆ ಶಬ್ದ ಬಂದ್ರೆ ಬೈಬೇಡಿ ಎಲ್ಲರೂ. ಎರಡು ದಿನದಿಂದ ಕರೆಂಟಿಲ್ಲ, ನೆಟ್‌ವರ್ಕ್ ಸಿಗೋದು ಈ ಕೊಟ್ಟಿಗೆ ಮೂಲೆಯಲ್ಲಿ ಮಾತ್ರ.

ನಿನ್ನೆ ರಾತ್ರಿ ನೀನು ಹಾಕಿದ್ದನ್ನ ದೊಡ್ಡಮ್ಮ ಈಗ ಓದಿ ಹೇಳಿದಳು. ಅಭಿಗೆ ಕಾಲೇಜು ನಾಟಕದಲ್ಲಿ ಊರುಗೋಲಿನ ಹುಡುಗನ ಪಾರ್ಟು ಸಿಕ್ಕಿದೆ, ಕ್ಲಾಸಿನ ಯಾವುದೋ ಹುಡುಗಿ 'ಎರಡೂ ಕಾಲು ಸರಿ ಇರೋನು ಅದನ್ನ ಮಾಡೋದು ತಪ್ಪು, ಅಂಗವಿಕಲರ ಪಾರ್ಟು ಅಂಗವಿಕಲರಿಗೇ ಸಿಗಬೇಕು' ಅಂದಿದಾಳೆ, ಇವನು ಊಟ ಬಿಟ್ಟು ಕೂತಿದಾನೆ, ಪಾರ್ಟು ಬಿಡಿಸೋದಾ ಬೇಡ್ವಾ ಅಂತ. ಅದರ ಕೆಳಗೆ ನಮ್ಮ ಕೇಶವ, ರಾವಣನ ಪಾರ್ಟು ಮಾಡೋಕೆ ಹತ್ತು ತಲೆ ಇರೋನೇ ಬೇಕಾ ಅಂತ ಬರೆದಿದಾನೆ. ಅದಕ್ಕೆ ಎಂಟು ಜನ ನಗೋ ಗೊಂಬೆ ಒತ್ತಿದೀರಿ. ಕೇಶವಾ, ಹತ್ತು ತಲೆಯವನು ನಮ್ಮೂರಲ್ಲಿ ಯಾರೂ ಇಲ್ಲ. ಒಬ್ಬ ಇದ್ದು, ಅವನನ್ನ ಪರದೆ ಎಳೆಯೋಕೆ ಕೂರಿಸಿ, ನೀನು ರಟ್ಟಿನ ತಲೆ ಕಟ್ಟಿಕೊಂಡು ಕುಣಿದಿದ್ರೆ ಆಗ ನಿನ್ನನ್ನ ಕೇಳ್ತಿದ್ದೆ.

ಮಂಜನ ವಿಷಯ ನಿಮಗೆಲ್ಲ ಗೊತ್ತಲ್ಲ. ಕೆರೆ ಏರಿ ಮೇಲಿನ ಮನೆ ಮಂಜ. ಗೊತ್ತಿದ್ರೂ ಅರ್ಧ ಗೊತ್ತು, ಉಳಿದರ್ಧ ನಾನು ಯಾರಿಗೂ ಹೇಳಿಲ್ಲ.

1979. ಅಡಿಕೆ ಸುಲಿತ ಮುಗಿದು ಎಲ್ಲರ ಕೈಯಲ್ಲಿ ನಾಕು ಕಾಸಿತ್ತು, ಹುಡುಗರೆಲ್ಲ ಸೇರಿ ನಾಟಕ ಇಟ್ಟೆವು. ನನ್ನದು ಕುಂಟ ಕಿಟ್ಟನ ಪಾರ್ಟು, ಹಾಸ್ಯ. ಮಂಜ ಸೈಡಲ್ಲಿ ಕೂತು ಮಾತು ಹೇಳಿಕೊಡೋನು. ಸಣ್ಣವನಿದ್ದಾಗಲೇ ಪೋಲಿಯೋ ಆಗಿ ಬಲಗಾಲು ಹೋಗಿತ್ತು ಅವನದು. ನಾಟಕ ಪೂರ್ತಿ ಬಾಯಿಪಾಠ ಅವನಿಗೆ. ನನ್ನ ಮಾತು, ರಾಜನ ಮಾತು, ಒಂದೇ ಸಾಲಿನ ದೂತನ ಮಾತು, ಎಲ್ಲಾ. ದನಿ ಅಂದ್ರೆ ಕೆರೆ ಆಚೆಗೆ ಕೇಳಬೇಕು. ಆ ಪಾರ್ಟು ಅವನಿಗೆ ಕೊಡಬಹುದು ಅಂತ ನಮ್ಮ ಒಬ್ಬರ ತಲೆಗೂ ಬರಲಿಲ್ಲ. ಬೇಡ ಅಂತ ತೀರ್ಮಾನ ಮಾಡಿದ್ದಲ್ಲ ಸುಮಾ, ತಲೆಗೇ ಬರಲಿಲ್ಲ.

ನಾನೆಂತ ಮಾಡಿದೆ ಕೇಳು. ಒಂದು ವಾರ ದಿನಾ ಬೆಳಿಗ್ಗೆ ಅವನು ತೋಟಕ್ಕೆ ಇಳಿಯೋ ದಾರಿಯಲ್ಲಿ, ಬೇಲಿ ಮರೆಯಲ್ಲಿ ನಿಂತು ನೋಡಿದೆ. ಮೊದಲು ಕೋಲು, ಆಮೇಲೆ ಸೊಂಟ, ಆಮೇಲೆ ಕಾಲು. ಕೋಲಿನ ಬುಡಕ್ಕೆ ಸೈಕಲ್ ಟೈರಿನ ತುಂಡು ಹೊಡೆದಿದ್ದ, ಒದ್ದೆ ಮಣ್ಣಲ್ಲಿ ಅದರ ಗುರುತು ರೂಪಾಯಿ ನಾಣ್ಯದ ಹಾಗೆ ಬಿದ್ದಿರೋದು. ನೋಡಿಕೊಂಡು ಬಂದು ಬಚ್ಚಲುಮನೆ ಹಿಂದೆ ಅಭ್ಯಾಸ. ಅವನನ್ನೇ ಕೇಳಬಹುದಿತ್ತಲ್ಲ? ದಿನಾ ರಾತ್ರಿ ಪ್ರಾಕ್ಟೀಸಿಗೆ ನನ್ನ ಪಕ್ಕದಲ್ಲೇ ಕೂರ್ತಿದ್ದ, ಒಂದೇ ಲೋಟದಲ್ಲಿ ಚಾ ಕುಡೀತಿದ್ದೆವು.

ನಾಟಕದ ದಿನ ಪೆಟ್ರೋಮ್ಯಾಕ್ಸ್ ಬೆಳಕಲ್ಲಿ ನಾನು ಕುಂಟಿಕೊಂಡು ಬಂದಿದ್ದೇ ತಡ, ಜನ ಬಿದ್ದು ಬಿದ್ದು ನಕ್ಕರು. ಆ ನಗೆಗೆ ಉಬ್ಬಿ ಹೋಗಿ ಮಾತೇ ಮರೆತೆ. ಸೈಡಿಗೆ ನೋಡಿದ್ರೆ ಮಂಜ ಪುಸ್ತಕ ಮಡಚಿ ತೊಡೆ ಮೇಲೆ ಇಟ್ಟುಕೊಂಡು ನನ್ನ ಕಾಲನ್ನೇ ನೋಡ್ತಾ ಕೂತಿದಾನೆ. ಮಾತು ಕೊಡಲಿಲ್ಲ. ಆ ಸಾಲು ಅವನಿಗೆ ನಿದ್ದೆಯಲ್ಲೂ ಬರೋದು! ನಾನೆಂತ ಮಾಡ್ಲಿ, ಇನ್ನೊಂದು ಸುತ್ತು ಕುಂಟಿದೆ. ಜನ ಇನ್ನೂ ನಕ್ಕರು. ಬಹುಮಾನ ಅಂತ ಸ್ಟೀಲ್ ಚೊಂಬು ಕೊಟ್ಟರು. ದೊಡ್ಡಮ್ಮ ಅಕ್ಕಿ ಅಳೆಯೋದು ಈಗಲೂ ಅದರಲ್ಲೇ.

ಮಾರನೇ ದಿನದಿಂದ ಶಾಲೆ ಮಕ್ಕಳು ಅವನ ಹಿಂದೆ ಕುಂಟಿಕೊಂಡು ಹೋಗೋಕೆ ಶುರು. ಅವನ ಹಾಗೆ ಅಲ್ಲ, ನನ್ನ ಹಾಗೆ. ಕಿಟ್ಟಾ, ಕಿಟ್ಟಾ ಅಂತ. ಮಂಜ ಅನ್ನೋ ಹೆಸರೇ ಹೋಯ್ತು ಆ ಮನುಷ್ಯನಿಗೆ. ಎರಡು ವರ್ಷ ತಡೆದುಕೊಂಡ, ಆಮೇಲೆ ಶಿವಮೊಗ್ಗಕ್ಕೆ ಹೋಗಿ ಹೊಲಿಗೆ ಅಂಗಡಿ ಹಾಕಿದ.

ಅದಕ್ಕೇ ಅಭಿಗೆ ಹೇಳು, ಬೇಲಿ ಮರೆಯಲ್ಲಿ ನಿಂತು ಕಲಿಯೋ ನಡಿಗೆ ಬೇಡವೇ ಬೇಡ.

ಎಷ್ಟೋ ವರ್ಷ ಆದ್ಮೇಲೆ ಶಿವಮೊಗ್ಗ ಬಸ್‌ಸ್ಟ್ಯಾಂಡಲ್ಲಿ ಸಿಕ್ಕಿದ್ದ. ಚಾ ಕುಡಿಸಿದ, ಮಕ್ಕಳ ಬಗ್ಗೆ ಕೇಳಿದ. ಹೊರಡುವಾಗ ಸುಮ್ಮನೆ ಅಂದ, 'ನೀನು ಅವತ್ತು ಕಂಕುಳಲ್ಲಿ ನೇತಾಡ್ತಿದ್ದೆ ಮಾರಾಯ. ಹಾಗೆ ನಡೆದ್ರೆ ಅರ್ಧ ಗಂಟೆಗೆ ಕೈ ಜೋಮು ಹಿಡಿಯತ್ತೆ. ಭಾರ ಎಲ್ಲ ಇಲ್ಲಿರಬೇಕು.' ಅಂಗೈ ತೋರಿಸಿದ. ಹೆಬ್ಬೆರಳ ಬುಡದಲ್ಲಿ ಚರ್ಮ ದಪ್ಪಗಾಗಿ, ಹಳದಿಯಾಗಿ, ಒಣಗಿದ ಅಡಿಕೆ ಹಾಳೆ ಹಾಗೆ. ಒಂದು ವಾರ ಬೇಲಿ ಸಂದಿಯಲ್ಲಿ ನಿಂತು ನೋಡಿದವನಿಗೆ ಆ ಅಂಗೈ ಕಂಡಿರಲಿಲ್ಲ ನೋಡು.

ನಿಮ್ಮ ಮಕ್ಕಳಿಗಂತೂ ಆ ನಡಿಗೆ ನೋಡಿಯೂ ಗೊತ್ತಿಲ್ಲ, ಅದು ಒಳ್ಳೇದೇ. ಎರಡು ಹನಿ ಲಸಿಕೆ ಹಾಕಿ ಹಾಕಿ 2014ರಲ್ಲಿ ದೇಶ ಪೋಲಿಯೋ ಮುಕ್ತ ಅಂತಾಯ್ತು. ಹಾಗಾಗಿ ಈಗಿನವರು ಕುಂಟೋದನ್ನ ಕಲಿಯೋದು ಸಿನಿಮಾ ನೋಡಿ, ಆ ಸಿನಿಮಾದವನು ಕಲಿತಿದ್ದು ಇನ್ನೊಂದು ಸಿನಿಮಾ ನೋಡಿ.

ಆ ಹುಡುಗಿ ಹೇಳಿದ್ದರಲ್ಲಿ ಮುಕ್ಕಾಲು ಸರಿ ಇದೆ. ಸುಧಾ ಚಂದ್ರನ್ ನೆನಪಿದೆಯಲ್ಲ? 1981ರಲ್ಲಿ ಅಪಘಾತದಲ್ಲಿ ಕಾಲು ಕಳಕೊಂಡು, ಜೈಪುರ ಕಾಲು ಹಾಕಿಕೊಂಡು ಮತ್ತೆ ಭರತನಾಟ್ಯ ಮಾಡಿದವಳು. ಅವಳ ಕತೆ ಸಿನಿಮಾ ಮಾಡುವಾಗ ಬೇರೆ ನಟಿಯನ್ನ ಹುಡುಕಲಿಲ್ಲ, ಅವಳೇ ಮಾಡಿದಳು. ಅಷ್ಟು ದೂರ ಎಂತಕ್ಕೆ, ಗದುಗಿನ ಪುಣ್ಯಾಶ್ರಮದ ಕಣ್ಣಿಲ್ಲದ ಗವಾಯಿಗಳು ನಾಟಕ ಕಂಪನಿಯನ್ನೇ ಕಟ್ಟಿ ಊರೂರು ತಿರುಗಿದರು, ಪುಟ್ಟರಾಜ ಗವಾಯಿಗಳೇ ನಾಟಕ ಬರೆದುಕೊಟ್ಟರು. ಕಣ್ಣಿಲ್ಲದವರು ಸ್ಟೇಜ್ ಮೇಲೆ ಎಡವಿ ಬೀಳ್ತಾರೆ ಅಂತ ಅವರಿಗೆ ಯಾರೂ ಹೇಳಲಿಲ್ಲವೋ ಏನೋ. ಕೇಶವ ಈಗ ಸಂಚಾರಿ ವಿಜಯ್ ಹೆಸರು ತೆಗೀತಾನೆ, ನನಗೆ ಗೊತ್ತು. ಹೌದಪ್ಪಾ, ನಮ್ಮ ಪಕ್ಕದ ಕಡೂರು ಸೀಮೆಯ ಹುಡುಗ, ಮಂಗಳಮುಖಿಯ ಪಾರ್ಟು ಮಾಡಿ 2015ರಲ್ಲಿ ರಾಷ್ಟ್ರಪ್ರಶಸ್ತಿ ತಂದ. ಚೆನ್ನಾಗಿ ಮಾಡಿದ, ನಾನೂ ಕಣ್ಣೊರೆಸಿಕೊಂಡೆ. ಚೆನ್ನಾಗಿ ಮಾಡೋಕೆ ಆಗಲ್ಲ ಅಂತ ನಾನೆಲ್ಲಿ ಹೇಳಿದೆ? ಮೊದಲು ಯಾರನ್ನ ಕೇಳಿದಿರಿ ಅಂತ ಅಷ್ಟೇ ನನ್ನ ಮಾತು. ಇವರೇ ಮಾಡಬೇಕು, ಅವರು ಮಾಡಬಾರದು ಅಂತ ಕಾನೂನೇನೂ ಇಲ್ಲ. ಆದ್ರೆ 2024ರ ಜುಲೈನಲ್ಲಿ ಸುಪ್ರೀಂ ಕೋರ್ಟು ಸಿನಿಮಾದವರಿಗೆ ಬುದ್ಧಿ ಹೇಳಿತ್ತಲ್ಲ, ಅಂಗವಿಕಲರನ್ನ ನಗೆಪಾಟಲು ಮಾಡಬೇಡಿ, ಅವರ ಬಗ್ಗೆ ತೋರಿಸುವಾಗ ಅವರನ್ನೂ ಜೊತೆಗೆ ಸೇರಿಸಿಕೊಳ್ಳಿ ಅಂತ. ಪೇಪರಲ್ಲಿ ಓದಿ ಮಂಜನ ನೆನಪಾಯ್ತು, ಆಗ ಅವನು ತೀರಿಹೋಗಿ ಮೂರು ವರ್ಷ ಆಗಿತ್ತು.

ಸೇರಿಸಿಕೊಳ್ಳೋದು ಅಂದ್ರೆ... ನಮ್ಮಲ್ಲಿ ಹೊಸ ಹಾಲ್ ಕಟ್ಟಿದ್ರಲ್ಲ, ಯಾರು ಕಟ್ಟಿದ್ದು ಅಂತ ಹೆಸರು ಹೇಳಲ್ಲ, ಗ್ರೂಪಲ್ಲಿ ಅವರ ಕಡೆಯವರೂ ಇದ್ದೀರಿ. ಒಂಬತ್ತು ಮೆಟ್ಟಿಲು. ಒಂದು ರ‍್ಯಾಂಪ್ ಇಲ್ಲ, ಹಿಡಿಯೋಕೆ ಒಂದು ಕಂಬಿ ಇಲ್ಲ. ಕಟ್ಟುವಾಗಲೇ ಹೇಳಿದೆ. 'ನಮ್ಮೂರಲ್ಲಿ ಅಂಥವರು ಯಾರಿದಾರೆ' ಅಂದ್ರು. ಈಗ ಮಂಡಿ ಆಪರೇಷನ್ ಆದ್ಮೇಲೆ ಅಂಥವನು ನಾನೇ! ಹೋದ ಸಲ ನಾಟಕಕ್ಕೆ ಹೋಗಿ, ಹೊರಗೆ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತು ಲೌಡ್‌ಸ್ಪೀಕರಲ್ಲಿ ಕೇಳಿ ಬಂದೆ. 'ಎತ್ತಿಕೊಂಡು ಹೋಗ್ತೀವಿ ಬನ್ನಿ' ಅಂದ್ರು ಹುಡುಗರು. ನಾನೆಂತ ಅಡಿಕೆ ಮೂಟೆಯಾ? ಆ ಹಾಲಿಗೆ ಐದು ಸಾವಿರ ಕೊಟ್ಟವನು ನಾನು, ಕೊಳೆರೋಗ ಬಂದು ತೋಟ ಅರ್ಧ ಉದುರಿದ ವರ್ಷ. ದಾನಿಗಳ ಕಲ್ಲಲ್ಲಿ ನನ್ನ ಹೆಸರೇ ಇಲ್ಲ. ಎರಡು ಸಾವಿರ ಕೊಟ್ಟವರ ಹೆಸರಿದೆ. ಆ ಕಲ್ಲು ಇರೋದೂ ಮೆಟ್ಟಿಲ ಮೇಲೇನೇ, ಈಗ ಹೋಗಿ ನೋಡೋಕೂ ಆಗಲ್ಲ. ಕಳೆದ ಮದುವೆಯಲ್ಲಿ ಊಟಕ್ಕೆ ನನ್ನನ್ನ... ಇರಲಿ, ಅದು ಬೇಡ ಈಗ, ದೊಡ್ಡಮ್ಮ ಕಣ್ಣು ಬಿಡ್ತಾ ಇದಾಳೆ.

ಎಲ್ಲಿದ್ದೆ? ಹಾಂ, ಅಭಿ. ಇನ್ನೊಂದು ಸಲ ಹೇಳ್ತೀನಿ ಕೇಳು, ಬೇಲಿ ಮರೆಯಲ್ಲಿ ನಿಂತು ಕಲಿಯೋದು ಮಾತ್ರ ಬೇಡ.

ಅಯ್ಯೋ, ಮುಖ್ಯವಾದ್ದೇ ಬಿಟ್ಟೆ. ನೀನೇ ಹಾಕಿದೀಯಲ್ಲ ಸುಮಾ, ಕ್ಲಾಸಿನಲ್ಲಿ ಒಬ್ಬ ಹುಡುಗ ಕೋಲು ಹಿಡಿದೇ ಓಡಾಡ್ತಾನೆ, ನಾಟಕಕ್ಕೆ ಲೈಟಿಂಗ್ ನೋಡಿಕೊಳ್ತಾ ಇದಾನೆ ಅಂತ. ಅವನನ್ನ ಯಾರಾದ್ರೂ ಕೇಳಿದಾರಾ? ಅಭಿ ಇವತ್ತೇ ನಾಟಕದ ಮೇಷ್ಟ್ರಿಗೆ ಫೋನ್ ಮಾಡಲಿ, ಮೊದಲು ಅವನನ್ನ ಕೇಳೋಣ ಸರ್ ಅಂತ. ಕೇಳುವಾಗ ಎಲ್ಲರ ಎದುರು ಬೇಡ, ಒಬ್ಬನೇ ಇದ್ದಾಗ ಕೇಳಲಿ. ಹತ್ತು ಜನರ ಮುಂದೆ ಕೇಳಿದ್ರೆ ಬೇಡ ಅನ್ನೋಕೂ ಅವನಿಗೆ ಆಗಲ್ಲ. ಅವನಿಗೆ ಲೈಟಿಂಗೇ ಇಷ್ಟ ಇರಬಹುದು, ಅದೂ ಸರಿಯೇ. ಇಲ್ಲ, ರಾಜನ ಪಾರ್ಟು ಬೇಕು ಅನ್ನಬಹುದು, ಕೋಲು ಹಿಡಿದ ರಾಜ ಇರಬಾರದು ಅಂತ ಎಲ್ಲಿದೆ? ಅವನು ಒಪ್ಪಿದ್ರೆ, ಈ ನಾಟಕದ ಸ್ಪರ್ಧೆ ಶಿವಮೊಗ್ಗದಲ್ಲಿ ಅಲ್ವಾ, ಅದು ನಡೆಯೋ ಜಾಗಕ್ಕೆ ಒಂದು ಸಲ ಮುಂಚೆ ಹೋಗಿ ನೋಡಿ ಬನ್ನಿ. ಸ್ಟೇಜಿಗೆ ಎಷ್ಟು ಮೆಟ್ಟಿಲು, ಗ್ರೀನ್‌ರೂಮ್ ಎಲ್ಲಿ, ಪಾಯಿಖಾನೆಗೆ ಹೋಗೋಕೆ ಆಗತ್ತಾ.

ಅವನು ಬೇಡ ಅಂದು ಅಭಿಯೇ ಮಾಡೋದಾದ್ರೆ ಪ್ರಾಕ್ಟೀಸಿಗೆ ಅವನನ್ನ ಎದುರಿಗೆ ಕೂರಿಸಿಕೊಳ್ಳಲಿ. ಹೀಗಲ್ಲ ಅಂದ್ರೆ ಹೀಗಲ್ಲ, ಈ ನಗೆ ಬೇಡ ಅಂದ್ರೆ ಆ ಸಾಲೇ ತೆಗೀಬೇಕು. ಮತ್ತೆ ಕೋಲು ಮಾಡಿಸುವಾಗ ಅಳತೆ ನೋಡಿ. ಕೋಲಿನ ತಲೆ ಕಂಕುಳಿಗೆ ತಾಗಬಾರದು, ಎರಡು ಬೆರಳು ಕೆಳಗೇ ಇರಬೇಕು, ಹಿಡಿ ಹಿಡಿದಾಗ ಮೊಣಕೈ ಸ್ವಲ್ಪ ಮಡಚಿರಬೇಕು. ಭಾರ ಅಂಗೈ ಮೇಲೆ.

ಅಡಿಕೆ ಮರ ಹತ್ತೋ ಕೊನೆಗೌಡ ಬಂದ, ಕೊಳೆರೋಗಕ್ಕೆ ಹೊಡೆಯೋ ಬೋರ್ಡೋ ಔಷಧಿ ಕಲಸಿಟ್ಟು ಬೆಳಗಿಂದ ಮಳೆ ಬಿಡೋದನ್ನೇ ಕಾಯ್ತಾ ಇದೀವಿ, ಈಗ ಸ್ವಲ್ಪ ಹೊಳವಾಗಿದೆ. ಇಡ್ತೀನಿ. ಆ ಹುಡುಗ ಎಂತ ಹೇಳಿದ ಅಂತ ಹಾಕು. ಬರೆದು ಹಾಕಬೇಡ, ಮಾತಾಡಿ ಹಾಕು.