ಗ್ಯಾಸ್ ಟಾರ್ಚ್ ದುರಸ್ತಿ: ನಿಮ್ಮ ಪ್ರಶ್ನೆ, ದುರಸ್ತಿಗಾರರ ಉತ್ತರ

ಬೇಕರಿ ನಡೆಸುವವರು, ಮೈಸೂರು: ನಮಸ್ಕಾರ ಸರ್. ಕೇಕಿನ ಮೇಲಿನ ಸಕ್ಕರೆಯನ್ನು ಕೆಂಪಗೆ ಮಾಡಲು ಬಳಸುವ ಕೈಟಾರ್ಚಿನ ಗುಂಡಿ ಒತ್ತಿದರೆ ಟಕ್ ಎನ್ನುತ್ತದೆ, ಗ್ಯಾಸ್ ಬರುವ ಸದ್ದೂ ಕೇಳುತ್ತದೆ, ಆದರೆ ಹೊತ್ತಿಕೊಳ್ಳುವುದಿಲ್ಲ. ಬೆಂಕಿಕಡ್ಡಿ ಹಿಡಿದರೆ ಚೆನ್ನಾಗಿ ಉರಿಯುತ್ತದೆ.

ದುರಸ್ತಿಗಾರರು: ಕಡ್ಡಿಗೆ ಹೊತ್ತಿಕೊಳ್ಳುತ್ತದೆ ಎಂದಮೇಲೆ ಗ್ಯಾಸಿನ ದಾರಿ ಸರಿಯಿದೆ, ದೋಷವಿರುವುದು ಕಿಡಿಯಲ್ಲಿ. ಗ್ಯಾಸ್ ತುಂಬಿದ ಕ್ಯಾನನ್ನು ಕಳಚಿಟ್ಟು, ಕತ್ತಲಿರುವ ಜಾಗದಲ್ಲಿ ಗುಂಡಿ ಒತ್ತಿ, ಕಿಡಿ ಎಲ್ಲಿ ಹಾರುತ್ತದೆ ಎಂಬುದನ್ನು ಗಮನಿಸಿ. ಅದು ತಂತಿಯ ತುದಿಯಿಂದ ನಳಿಕೆಯ ಬಾಯಿಗೆ ಹಾರಬೇಕು. ಮಸಿ, ಸಕ್ಕರೆ ಪಾಕ ಅಥವಾ ತೇವ ಅಂಟಿದ್ದರೆ ಕಿಡಿ ಅದರ ಮೂಲಕವೇ ಪಕ್ಕಕ್ಕೆ ಹರಿದುಹೋಗುತ್ತದೆ. ಬಿಸಿನೀರಿನಲ್ಲಿ ಹಿಂಡಿದ ಬಟ್ಟೆಯಿಂದ ಪಾಕವನ್ನು ತೆಗೆದು, ಪೂರ್ತಿ ಒಣಗಿಸಿ, ತಂತಿ ಬಾಗಿದ್ದರೆ ನಳಿಕೆಯಿಂದ ಮೂರು ನಾಲ್ಕು ಮಿಲಿಮೀಟರ್ ದೂರಕ್ಕೆ ತನ್ನಿ. ನಾಬನ್ನು ಒಮ್ಮೆಗೇ ಪೂರ್ತಿ ತಿರುಗಿಸಿ ಹೊತ್ತಿಸಬೇಡಿ. ಗ್ಯಾಸಿನ ವೇಗಕ್ಕೆ ಜ್ವಾಲೆ ನಿಲ್ಲುವುದಿಲ್ಲ.

ಫ್ರಿಜ್ ಮೆಕ್ಯಾನಿಕ್, ಹುಬ್ಬಳ್ಳಿ: ತಾಮ್ರದ ಪೈಪಿಗೆ ಬ್ರೇಜಿಂಗ್ (ಬೆಸುಗೆ) ಮಾಡುವಾಗ ಸ್ವಲ್ಪ ಹೊತ್ತಿನಲ್ಲೇ ಜ್ವಾಲೆ ಸೊರಗುತ್ತದೆ. ಕ್ಯಾನಿನಲ್ಲಿ ಇನ್ನೂ ಅರ್ಧ ಗ್ಯಾಸ್ ಇರುತ್ತದೆ. ಕ್ಯಾನನ್ನು ಕುದಿಯುವ ನೀರಿನಲ್ಲಿ ಹತ್ತು ನಿಮಿಷ ಇಟ್ಟರೆ ಸರಿಹೋಗುತ್ತದೆ ಎಂಬ ಸಂದೇಶ ಬಂದಿದೆ. ಮಾಡಬಹುದೇ?

ದುರಸ್ತಿಗಾರರು: ಮಾಡಬಾರದು. ಕ್ಯಾನಿನೊಳಗೆ ದ್ರವರೂಪದಲ್ಲಿರುವ ಬ್ಯೂಟೇನ್ ಗ್ಯಾಸ್ ಆವಿಯಾಗುವಾಗ ಕ್ಯಾನಿನ ಶಾಖವನ್ನೇ ಹೀರಿಕೊಳ್ಳುತ್ತದೆ. ಬ್ಯೂಟೇನ್ ಸೊನ್ನೆ ಡಿಗ್ರಿಯ ಆಸುಪಾಸಿನಲ್ಲಿ ಆವಿಯಾಗುವುದನ್ನು ನಿಲ್ಲಿಸುವುದರಿಂದ, ತಣ್ಣಗಾದ ಕ್ಯಾನಿನಲ್ಲಿ ಒತ್ತಡ ಕುಸಿಯುತ್ತದೆ. ಎರಡು ಕ್ಯಾನ್ ಇಟ್ಟುಕೊಂಡು ಬದಲಾಯಿಸುತ್ತಾ ಕೆಲಸ ಮಾಡಿ. ಆ ಸಂದೇಶವನ್ನು ಬರೆದವರು ಕ್ಯಾನಿನ ಮೇಲೆ ಅಚ್ಚಾಗಿರುವ, 50 ಡಿಗ್ರಿಗಿಂತ ಹೆಚ್ಚು ಬಿಸಿಯಾಗಬಾರದೆಂಬ ಎಚ್ಚರಿಕೆಯನ್ನು ಓದಿಲ್ಲ. ದಯವಿಟ್ಟು ನೀವು ಓದಿ.

ಅಕ್ಕಸಾಲಿಗರು, ಶಿರಸಿ: ಮಳೆಗಾಲವಿಡೀ ಪಡಸಾಲೆಯ ಗೂಟಕ್ಕೆ ನೇತುಹಾಕಿದ್ದ ಟಾರ್ಚನ್ನು ಈಗ ತೆಗೆದರೆ ಹಳದಿ ಜ್ವಾಲೆ ಬರುತ್ತಿದೆ, ಬೆಳ್ಳಿಯೆಲ್ಲ ಮಸಿಯಾಗುತ್ತದೆ. ಕ್ಯಾನ್ ಹೊಸದು. ಜೆಟ್ಟನ್ನು (ಗ್ಯಾಸ್ ಚಿಮ್ಮುವ ಸಣ್ಣ ರಂಧ್ರದ ಬಿಡಿಭಾಗ) ಬಿಚ್ಚಿ ಬೆಳಕಿಗೆ ಹಿಡಿದು ನೋಡಿದೆ, ರಂಧ್ರ ಸ್ವಚ್ಛವಾಗಿದೆ.

ದುರಸ್ತಿಗಾರರು: ಆಚಾರ್ಯರೇ, ಒಂದು ವಿವರ ಬೇಕು. ನೆಟ್ಟಗೆ ಹಿಡಿದಾಗ ನೀಲಿ, ಬಗ್ಗಿಸಿದಾಗ ಮಾತ್ರ ಹಳದಿಯೇ, ಅಥವಾ ಹೇಗೆ ಹಿಡಿದರೂ ಹಳದಿಯೇ?

ಅಕ್ಕಸಾಲಿಗರು, ಶಿರಸಿ: ಹೇಗೆ ಹಿಡಿದರೂ ಹಳದಿಯೇ.

ದುರಸ್ತಿಗಾರರು: ಹಾಗಿದ್ದರೆ ಇದು ಸ್ವಾರಸ್ಯದ ಪ್ರಕರಣ. ಬಗ್ಗಿಸಿದಾಗ ಮಾತ್ರ ಹಳದಿಯಾಗಿದ್ದರೆ, ಆವಿಯಾಗದ ದ್ರವವೇ ಜೆಟ್ಟಿಗೆ ಹರಿದುಬರುತ್ತಿದೆ ಎನ್ನುತ್ತಿದ್ದೆ. ಅದಕ್ಕೆ ಟಾರ್ಚನ್ನು ಒಂದೆರಡು ನಿಮಿಷ ನೆಟ್ಟಗೆ ಉರಿಸಿ ಕಾಯಿಸಿಕೊಂಡರೆ ಸಾಕು, ಅದೂ ಒಳಗೆ ಕಾಯಿಸುವ ಕೊಳವೆ ಇರುವ ಟಾರ್ಚಾಗಿದ್ದರೆ. ಆದರೆ ಸದಾ ಹಳದಿ ಎಂದರೆ ಗ್ಯಾಸಿಗೆ ಗಾಳಿ ಸಾಲುತ್ತಿಲ್ಲ. ಜೆಟ್ಟಿನಿಂದ ವೇಗವಾಗಿ ಚಿಮ್ಮುವ ಗ್ಯಾಸ್, ನಳಿಕೆಯ ಬುಡದಲ್ಲಿರುವ ತೂತುಗಳ ಮೂಲಕ ತಾನೇ ಗಾಳಿಯನ್ನು ಎಳೆದುಕೊಳ್ಳಬೇಕು. ಎಲ್ಲರೂ ಜೆಟ್ಟನ್ನು ಉಜ್ಜುತ್ತಾರೆಯೇ ಹೊರತು ಆ ತೂತುಗಳತ್ತ ಕಣ್ಣು ಹಾಯಿಸುವುದಿಲ್ಲ. ಮಲೆನಾಡಿನಲ್ಲಿ ತಿಂಗಳುಗಟ್ಟಲೆ ಸುಮ್ಮನೆ ತೂಗಿದ ಟಾರ್ಚಿನ ಒಳಗೆ ಜೇಡರ ಬಲೆ ಇರಬಹುದು, ಮಣ್ಣಿನ ಗೂಡು ಕಟ್ಟುವ ಕಣಜವೂ ಸೇರಿರಬಹುದು. ಕ್ಯಾನ್ ಕಳಚಿ, ನಳಿಕೆಯನ್ನು ಬೇರ್ಪಡಿಸಿ, ಮೃದುವಾದ ಬ್ರಷ್ಷಿನಿಂದ ಒಳಗೋಡೆಗೆ ಅಂಟಿದ್ದನ್ನು ಬಿಡಿಸಿ, ಜೆಟ್ಟಿನ ಕಡೆಯಿಂದ ಹೊರಮುಖವಾಗಿ ಗಾಳಿ ಊದಿಸಿ. ಏನು ಸಿಕ್ಕಿತು ಎಂದು ತಿಳಿಸಿ, ನನಗೂ ಕುತೂಹಲವಿದೆ.

ನಿವೃತ್ತ ಫಿಟ್ಟರ್, ಭದ್ರಾವತಿ: ಇಷ್ಟೆಲ್ಲ ಏಕೆ? ಹಳೆಯ ಪಂಪ್ ಸ್ಟೌವಿನ ಪಿನ್ ತೆಗೆದುಕೊಂಡು ಜೆಟ್ಟಿಗೆ ಎರಡು ಸಲ ಚುಚ್ಚಿದರೆ ಮುಗಿಯಿತು. ನಮ್ಮ ಮನೆಯಲ್ಲಿ ಮೊದಲಿನಿಂದಲೂ ಹಾಗೆಯೇ ಮಾಡುತ್ತಾ ಬಂದಿದ್ದೇವೆ.

ದುರಸ್ತಿಗಾರರು: ಸೀಮೆಎಣ್ಣೆ ಸ್ಟೌವಿನ ನಿಪ್ಪಲ್ಲಿಗೆ ಪಿನ್ ಹಾಕುವುದು ವಾಡಿಕೆ, ರಂಧ್ರ ಅಗಲವಾದರೆ ಬೇರೆ ನಿಪ್ಪಲ್ ಹಾಕುತ್ತಿದ್ದರು. ಕೈಟಾರ್ಚಿನ ಜೆಟ್ಟಿನ ರಂಧ್ರ ಅದಕ್ಕಿಂತಲೂ ಸಣ್ಣದು; ಪಿನ್ ಚುಚ್ಚಿದರೆ ಅದು ಅಗಲವಾಗಿ ಗ್ಯಾಸ್ ಹೆಚ್ಚಾಗುತ್ತದೆ, ಗಾಳಿಯ ಪ್ರಮಾಣ ತಪ್ಪುತ್ತದೆ. ಆಲ್ಕೋಹಾಲಿನಲ್ಲಿ ನೆನೆಸಿ ಗಾಳಿ ಊದಿಸಿ. ಪಿನ್ ಬೇಡ.

ನಿವೃತ್ತ ಫಿಟ್ಟರ್, ಭದ್ರಾವತಿ: ಅನುಭವಕ್ಕಿಂತ ಪುಸ್ತಕ ದೊಡ್ಡದಲ್ಲ, ಸ್ವಾಮಿ.

ಫ್ರಿಜ್ ಮೆಕ್ಯಾನಿಕ್, ಹುಬ್ಬಳ್ಳಿ: ಹಿರಿಯರೇ, ನಿಮ್ಮ ಮಾತು ಕೇಳಿ ಹೋದ ವರ್ಷ ಪಿನ್ ಚುಚ್ಚಿದವನು ನಾನು. ಆ ಟಾರ್ಚ್ ಈಗ ಗುಜರಿಯಲ್ಲಿದೆ.

ನಿವೃತ್ತ ಫಿಟ್ಟರ್, ಭದ್ರಾವತಿ: ಚುಚ್ಚುವ ಕೈಗೆ ಹದವಿರಬೇಕು. ಅದನ್ನು ನಾನು ಇಲ್ಲಿ ಬರೆದು ಕಲಿಸಲಾಗುವುದಿಲ್ಲ.

ಗೃಹಿಣಿ, ಉಡುಪಿ: ಯಾವ ಕಂಪನಿಯ ಟಾರ್ಚ್ ಕೊಳ್ಳುವುದು ಒಳ್ಳೆಯದು?

ಸದಸ್ಯರು, ತುಮಕೂರು: ನನ್ನ ಟಾರ್ಚ್ ಟಕ್ ಎನ್ನುತ್ತದೆ, ಹೊತ್ತಿಕೊಳ್ಳುವುದಿಲ್ಲ. ಪರಿಹಾರವೇನು?

ದುರಸ್ತಿಗಾರರು: ಮೊದಲ ಉತ್ತರ ಓದಿ.

ಬಡಗಿ, ದಾವಣಗೆರೆ: ಸರ್, ಮರದ ಮೇಲ್ಮೈ ಸುಟ್ಟು ಬಣ್ಣ ಬರಿಸಲು ಟಾರ್ಚ್ ಬಳಸುತ್ತೇನೆ. ಹೊಸ ಕ್ಯಾನ್ ದುಬಾರಿಯೆಂದು, ಆನ್‌ಲೈನಿನಲ್ಲಿ ಅಡಾಪ್ಟರ್ ತರಿಸಿ ಮನೆಯ ಸಿಲಿಂಡರಿನಿಂದಲೇ ಹಳೆಯ ಕ್ಯಾನಿಗೆ ತುಂಬಿಸಿದೆ. ಈಗ ಕ್ಯಾನಿನ ತಳ ಸ್ವಲ್ಪ ಹೊರಕ್ಕೆ ಉಬ್ಬಿದೆ, ಟಾರ್ಚ್ ಕೂಡುವಲ್ಲಿ ಸಣ್ಣಗೆ ಬುಸುಗುಟ್ಟುತ್ತದೆ. ಅಲ್ಲಿಗೆ ಎಪಾಕ್ಸಿ ಅಂಟು ಮೆತ್ತಿದರೆ ಸಾಕೇ?

ದುರಸ್ತಿಗಾರರು: ಉಳಿದವರ ಪ್ರಶ್ನೆಗಳೆಲ್ಲ ಕಾಯಲಿ. ಆ ಕ್ಯಾನ್ ಈಗ ಎಲ್ಲಿದೆ? ಅದನ್ನು ಹೊತ್ತಿಸಬೇಡಿ, ಅಲುಗಾಡಿಸಬೇಡಿ, ತೂತು ಮಾಡಬೇಡಿ. ಹತ್ತಿರದ ಒಲೆ, ಎಣ್ಣೆದೀಪ ಆರಿಸಿ, ಸ್ವಿಚ್ ಮುಟ್ಟದೆ ಬಾಗಿಲು ಕಿಟಕಿ ತೆರೆಯಿರಿ. ಈ ಗ್ಯಾಸ್ ಗಾಳಿಗಿಂತ ಭಾರವಾದ್ದರಿಂದ ನೆಲದ ಮಟ್ಟದಲ್ಲೇ ಹರಡಿ ಮೂಲೆಗಳಲ್ಲಿ ನಿಲ್ಲುತ್ತದೆ. ಕ್ಯಾನ್ ಮುಟ್ಟಲು ತಣ್ಣಗಿದ್ದರೆ ಮಾತ್ರ ಮೆಲ್ಲಗೆ ಬಯಲಿನ ನೆರಳಿಗೆ ಒಯ್ದು, ಒದ್ದೆ ಗೋಣಿಚೀಲ ಹೊದಿಸಿ, ಜನರನ್ನು ದೂರ ಸರಿಸಿ, 112ಕ್ಕೆ ಕರೆ ಮಾಡಿ ಅದರಲ್ಲಿ ಏನು ತುಂಬಿದೆ ಎಂಬುದನ್ನು ಮುಚ್ಚಿಡದೆ ಹೇಳಿ. ಕಾರಣವನ್ನೂ ಕೇಳಿ: 40 ಡಿಗ್ರಿ ಬಿಸಿಯಲ್ಲಿ ಬ್ಯೂಟೇನಿನ ಒತ್ತಡ ವಾಯುಮಂಡಲದ ಒತ್ತಡದ ನಾಲ್ಕು ಪಟ್ಟಿನ ಆಸುಪಾಸು, ಪ್ರೊಪೇನಿನದು ಹದಿಮೂರು ಪಟ್ಟಿಗೂ ಹೆಚ್ಚು. ಅಡುಗೆ ಸಿಲಿಂಡರಿನಲ್ಲಿ ಇರುವುದು ಇವೆರಡರ ಮಿಶ್ರಣ. ನಿಮ್ಮ ಕ್ಯಾನಿನ ತೆಳು ತಗಡು ಅದಕ್ಕೆ ತಯಾರಾದದ್ದಲ್ಲ. ಮೇಲಾಗಿ, ದ್ರವ ಹಿಗ್ಗಲು ಸುಮಾರು ಐದನೇ ಒಂದು ಭಾಗ ಖಾಲಿ ಬಿಡಬೇಕು. ನೀವು ತೂಕ ನೋಡಿ ತುಂಬಿದ್ದೀರೆಂದು ನನಗೆ ನಂಬಿಕೆಯಿಲ್ಲ. ಸಿಲಿಂಡರಿನಿಂದ ಹೀಗೆ ತುಂಬುವುದು ಕಾನೂನುಬಾಹಿರವೂ ಹೌದು. ಸೋರುವ ಜೋಡಣೆಗೆ ಅಂಟು ಮದ್ದಲ್ಲ.

ಸದಸ್ಯರು, ಕೋಲಾರ: ಸೋರುವ ಜಾಗಕ್ಕೆ ಟೂತ್‌ಪೇಸ್ಟ್ ಹಚ್ಚಿದರೆ ನಿಲ್ಲುತ್ತದೆ. ನಮ್ಮ ಬೇರೆ ಗುಂಪಿನಲ್ಲಿ ಬಂದ ವಿಡಿಯೋ ಕಳಿಸುತ್ತೇನೆ.

ದುರಸ್ತಿಗಾರರು: ಕಳಿಸಬೇಡಿ. ಸೋರಿಕೆಯನ್ನು ಪತ್ತೆ ಮಾಡಲು ಸೋಪಿನ ನೀರು, ಸರಿಪಡಿಸಲು ಹೊಸ ಓ-ರಿಂಗ್ (ಜೋಡಣೆಯ ರಬ್ಬರ್ ಉಂಗುರ). ಮೂರನೆಯ ವಿದ್ಯೆ ಇಲ್ಲ. ಹಲ್ಲಿನ ಪೇಸ್ಟನ್ನು ಹಲ್ಲಿಗೇ ಬಿಡಿ.

ಸದಸ್ಯರು, ಕೋಲಾರ: ತಿಳಿದವರು ಸ್ವಲ್ಪ ಸೌಜನ್ಯದಿಂದ ಉತ್ತರಿಸಬಹುದು.

ನಿವೃತ್ತ ಫಿಟ್ಟರ್, ಭದ್ರಾವತಿ: ಅದನ್ನೇ ನಾನೂ ಹೇಳುತ್ತಿದ್ದೆ.

ಅಕ್ಕಸಾಲಿಗರು, ಶಿರಸಿ: ನಳಿಕೆಯಿಂದ ಬೆರಳಿನ ಉಗುರಿನಷ್ಟು ಒಣಮಣ್ಣು ಉದುರಿತು, ಒಳಗೆ ಹುಳದ ಸಿಪ್ಪೆಯೂ ಇತ್ತು. ಜ್ವಾಲೆ ಈಗ ನೀಲಿಯಾಗಿದೆ. ಧನ್ಯವಾದಗಳು.

ದುರಸ್ತಿಗಾರರು: ಸಂತೋಷ. ಇನ್ನು ಮುಂದೆ ನಳಿಕೆಯ ಬಾಯಿಗೆ ಬಟ್ಟೆ ಕಟ್ಟಿ ಇಡಿ, ಹೊತ್ತಿಸುವ ಮೊದಲು ಬಿಚ್ಚಿ. ದಾವಣಗೆರೆಯವರೇ, ಉತ್ತರಿಸಿ.

ಗೃಹಿಣಿ, ಉಡುಪಿ: ಯಾವ ಕಂಪನಿ ಎಂದು ಕೇಳಿದ್ದೆ.

ಸದಸ್ಯರು, ಬೀದರ್: ಟಕ್ ಎನ್ನುತ್ತದೆ, ಹೊತ್ತುವುದಿಲ್ಲ.

ಬಡಗಿ, ದಾವಣಗೆರೆ: ಕ್ಯಾನನ್ನು ತಾರಸಿಗೆ ಒಯ್ದು ಇಟ್ಟೆ ಸರ್. ಅಲ್ಲಿ ಯಾರೂ ಇಲ್ಲ.

ದುರಸ್ತಿಗಾರರು: ಮಧ್ಯಾಹ್ನದ ಬಿಸಿಲಿನಲ್ಲಿ ತಾರಸಿಯೇ? ಈಗ ಅದನ್ನು ಮುಟ್ಟಬೇಡಿ, ಮೇಲೆ ಹೋಗಬೇಡಿ. ಮನೆಯವರನ್ನೆಲ್ಲ ಹೊರಗೆ ಕರೆತನ್ನಿ, ಪಕ್ಕದ ಮನೆಯವರಿಗೂ ಹೇಳಿ. ನನಗೆ ಉತ್ತರ ಬರೆಯುವುದನ್ನು ಬಿಟ್ಟು 112ಕ್ಕೆ ಕರೆ ಮಾಡಿ.