17ಪಿ ಡಿಲೀಷನ್ ಇರುವ ಎಎಂಎಲ್ ಬ್ಲಡ್ ಕ್ಯಾನ್ಸರ್: ಸ್ಟೆಮ್ ಸೆಲ್ (ರಕ್ತ ಹುಟ್ಟಿಸುವ ಮೂಲಕೋಶ) ಟ್ರಾನ್ಸ್‌ಪ್ಲಾಂಟ್ ಮಾಡಿಸೋದಾ, ಬೇಡವಾ?

ಪ್ರಶ್ನೆ: ಡಾಕ್ಟ್ರೇ, ನಮ್ಮಣ್ಣನಿಗೆ 46 ವರ್ಷ, ಎಎಂಎಲ್. ಮೊದಲ ಕೀಮೋ ಮುಗಿದು ಬ್ಲಾಸ್ಟ್ (ಬಲಿಯದ ರಕ್ತಕೋಶ) 2 ಪರ್ಸೆಂಟಿಗೆ ಇಳಿದಿದೆ. ಆದರೆ ಕ್ಯಾರಿಯೋಟೈಪ್ (ಕ್ರೋಮೋಸೋಮ್ ಪರೀಕ್ಷೆ) ರಿಪೋರ್ಟಿನಲ್ಲಿ 5ಕ್ಯೂ ಡಿಲೀಷನ್, ಮೈನಸ್ 7, 17ಪಿ ಡಿಲೀಷನ್, ಕೆಳಗೆ 'ಕಾಂಪ್ಲೆಕ್ಸ್' ಅಂತಿದೆ. ಅಕ್ಕನ ಎಚ್‌ಎಲ್‌ಎ (ಕಸಿಗೆ ಹೊಂದಿಸಿ ನೋಡುವ ಟಿಶ್ಯೂ ಗುರುತು) ಪೂರ್ತಿ ಮ್ಯಾಚ್. ಆದರೆ ಅವಳದು ಓ ಪಾಸಿಟಿವ್, ಅಣ್ಣನದು ಬಿ ಪಾಸಿಟಿವ್. ಜಮೀನು ಮಾರಿ ಮಾಡಿಸಬೇಕು. ಉಳಿಯುವ ಚಾನ್ಸ್ ಎಷ್ಟು? ಬಿಚ್ಚಿ ಹೇಳಿ.

ಉತ್ತರ: ಬ್ಲಡ್ ಗ್ರೂಪಿನ ಚಿಂತೆ ಬಿಡಿ, ಅದು ಅಡ್ಡಿಯಲ್ಲ. ಕಸಿ ಹಿಡಿದರೆ ಕೆಲವು ತಿಂಗಳಲ್ಲಿ ನಿಮ್ಮಣ್ಣನ ಗ್ರೂಪೇ ಓ ಆಗುತ್ತದೆ!

ಇನ್ನು ಚಾನ್ಸು. ರಿಪೋರ್ಟಿನ ಅರ್ಥ ಇಷ್ಟು: 5 ಮತ್ತು 17ನೇ ಕ್ರೋಮೋಸೋಮಿನ ತುಂಡು ಹೋಗಿದೆ, 7ನೇದು ಒಂದು ಪೂರ್ತಿಯೇ ಇಲ್ಲ. ಹೀಗೆ ಮೂರೋ ಹೆಚ್ಚೋ ದೋಷ ಸೇರಿದರೆ 'ಕಾಂಪ್ಲೆಕ್ಸ್' ಅನ್ನುತ್ತಾರೆ. ಬರೀ ಕೀಮೋದಲ್ಲಿ ಇಂಥ ರೋಗ ಪೂರ್ತಿ ವಾಸಿಯಾಗುವುದು ತೀರಾ ಅಪರೂಪ. ಟ್ರಾನ್ಸ್‌ಪ್ಲಾಂಟ್ ಆದ ಕಾಂಪ್ಲೆಕ್ಸ್ ರೋಗಿಗಳಲ್ಲಿ ಎರಡು ವರ್ಷದ ಹೊತ್ತಿಗೆ ರೋಗವಿಲ್ಲದೆ ಇರುವವರು ಸುಮಾರು ಮೂರರಲ್ಲಿ ಒಬ್ಬರು. ಹೆಚ್ಚುಕಡಿಮೆ ಅರ್ಧದಷ್ಟು ಜನರಲ್ಲಿ ರೋಗ ಮರಳುತ್ತದೆ. ಅಂದರೆ ಇಲ್ಲಿ ದೊಡ್ಡ ಶತ್ರು ಇನ್ಫೆಕ್ಷನ್ನೂ ಅಲ್ಲ, ಜಿವಿಎಚ್‌ಡಿಯೂ (ದಾನಿಯ ಕೋಶಗಳು ರೋಗಿಯ ದೇಹದ ಮೇಲೇ ತಿರುಗಿಬೀಳುವುದು) ಅಲ್ಲ, ಮರುಕಳಿಸುವ ರೋಗವೇ.

17ಪಿ ಬಗ್ಗೆ ಬೇರೆಯಾಗಿಯೇ ಹೇಳಬೇಕು. ಟಿಪಿ53 ಎಂಬ ಜೀನ್ ಇರುವುದು ಅಲ್ಲಿ. ಕೀಮೋದಿಂದ ಪೆಟ್ಟು ತಿಂದ ಜೀವಕೋಶಕ್ಕೆ 'ಸಾಯಿ' ಅಂತ ಹೇಳುವುದು ಅದೇ. ಅದು ಕೆಟ್ಟರೆ ಕೋಶ ಏಟು ತಿಂದೂ ಬದುಕಿಕೊಳ್ಳುತ್ತದೆ. ಉಳಿದಿರುವ ಇನ್ನೊಂದು ಪ್ರತಿಯಲ್ಲೂ ಮ್ಯುಟೇಷನ್ ಇದೆಯೇ ಎಂದು ಎನ್‌ಜಿಎಸ್ ಎಂಬ ಜೀನ್ ಪರೀಕ್ಷೆ ಮಾಡಿಸಿ ಕೇಳಿ. ಇದ್ದರೆ ಮೇಲೆ ಹೇಳಿದ ಮೂರರಲ್ಲಿ ಒಬ್ಬರೆಂಬ ಲೆಕ್ಕ ಸುಮಾರು ಐದರಲ್ಲಿ ಒಬ್ಬರಿಗೆ ಇಳಿಯುತ್ತದೆ.

ಆದರೂ ಮಾಡಿಸಿ ಅನ್ನುತ್ತೇನೆ. ರೆಮಿಷನ್ (ರೋಗ ಹತೋಟಿಗೆ ಬಂದ ಸ್ಥಿತಿ) ಕೈಯಲ್ಲಿದೆ, ದಾನಿ ಮನೆಯಲ್ಲೇ ಇದ್ದಾರೆ. ಈ ರೋಗದ ರೆಮಿಷನ್ ಬಹಳ ದಿನ ಕಾಯುವುದಿಲ್ಲ. ತಡಮಾಡಬೇಡಿ. ಇನ್ನೊಂದು ಮಾತು: ಜಮೀನಿನ ದುಡ್ಡನ್ನೆಲ್ಲ ಆಸ್ಪತ್ರೆಯ ಮೊದಲ ಬಿಲ್ಲಿಗೇ ಸುರಿಯಬೇಡಿ. ಡಿಸ್ಚಾರ್ಜ್ ಆದಮೇಲೆ ಜ್ವರ, ಭೇದಿ, ಸಿಎಂವಿ ವೈರಸ್ ಅಂತ ಮತ್ತೆ ಅಡ್ಮಿಟ್ ಆಗುವವರು ಬಹಳ ಮಂದಿ. ಅದಕ್ಕೊಂದು ಪಾಲು ತೆಗೆದಿಡಿ.

ಪ್ರಶ್ನೆ: ಟ್ರಾನ್ಸ್‌ಪ್ಲಾಂಟ್ ಆಗಿ 100 ದಿನ ದಾಟಿದರೆ ಗೆದ್ದ ಹಾಗೆ ತಾನೇ ಸರ್? ನಮ್ಮ ಭಾವನಿಗೆ ಮೊನ್ನೆ 100 ಆಯ್ತು, ಅವರದೂ ಕಾಂಪ್ಲೆಕ್ಸ್.

ಉತ್ತರ: ಸಿಹಿ ಹಂಚಿ, ಆದರೆ ಫಾಲೋಅಪ್ ತಪ್ಪಿಸಬೇಡಿ. ಇಂಥವರಲ್ಲಿ ರೋಗ ಮರಳುವುದು ಬಹುಪಾಲು ಮೊದಲ ವರ್ಷದಲ್ಲೇ. ಕೈಮರಿಸಂ ಟೆಸ್ಟಿನಲ್ಲಿ (ದಾನಿಯ ಕೋಶ ಎಷ್ಟು ಪಾಲು ಇದೆ ಎಂದು ನೋಡುವುದು) ದಾನಿಯ ಕೋಶ ಇಳಿಯತೊಡಗಿದರೆ, ಜಿವಿಎಚ್‌ಡಿ ಇಲ್ಲದಿದ್ದರೆ, ಸೈಕ್ಲೋಸ್ಪೋರಿನ್ (ರೋಗನಿರೋಧಕ ಶಕ್ತಿ ತಗ್ಗಿಸುವ ಮಾತ್ರೆ) ಬೇಗ ಇಳಿಸಬಹುದು. ದಾನಿಯ ಲಿಂಫೋಸೈಟ್ (ಒಂದು ಬಗೆಯ ಬಿಳಿ ರಕ್ತಕಣ) ಕೊಡುವುದೂ ಉಂಟು. ಆದರೆ ಮಾತ್ರೆ ನೀವಾಗಿಯೇ ಇಳಿಸಲು ಹೋಗಬೇಡಿ.

ಪ್ರಶ್ನೆ: ಮೊದಲ ಪ್ರಶ್ನೆ ಕೇಳಿದವನ ಅಕ್ಕ ನಾನು, ಸ್ಟೆಮ್ ಸೆಲ್ ಕೊಡುವವಳು. ವಯಸ್ಸು 51, ಶುಗರ್ ಇದೆ. ಬೆನ್ನುಮೂಳೆಗೆ ಚುಚ್ಚುತ್ತಾರಾ?

ಉತ್ತರ: ಇಲ್ಲಮ್ಮ. ಸ್ಟೆಮ್ ಸೆಲ್ ರಕ್ತಕ್ಕೆ ಬರಲಿ ಅಂತ ನಾಲ್ಕೈದು ದಿನ ಚರ್ಮದಡಿ ಇಂಜೆಕ್ಷನ್ ಕೊಡುತ್ತಾರೆ. ಸೊಂಟ, ಮೂಳೆ ನೋಯುತ್ತವೆ, ಪ್ಯಾರಾಸಿಟಮಾಲ್ ಸಾಕಾಗುತ್ತದೆ. ಆಮೇಲೆ ಒಂದು ಕೈಯಿಂದ ರಕ್ತ ಮೆಷಿನ್ನಿಗೆ ಹೋಗಿ ಇನ್ನೊಂದು ಕೈಗೆ ಬರುತ್ತದೆ, ನಾಲ್ಕೈದು ಗಂಟೆ. ಮೆಷಿನ್ ಸ್ಟೆಮ್ ಸೆಲ್ಲನ್ನು ಮಾತ್ರ ಒಂದು ಚೀಲಕ್ಕೆ ತೆಗೆದುಕೊಳ್ಳುತ್ತದೆ. ತಮ್ಮನಿಗೂ ಆಪರೇಷನ್ ಇಲ್ಲ, ರಕ್ತ ಏರಿಸಿದ ಹಾಗೆ ಆ ಚೀಲ ಏರಿಸುತ್ತಾರೆ. ಶುಗರ್ ಹತೋಟಿಯಲ್ಲಿದ್ದರೆ ಅದೊಂದೇ ಕಾರಣಕ್ಕೆ ದಾನಿಯಾಗಿ ನಿಮ್ಮನ್ನು ಕೈಬಿಡುವುದಿಲ್ಲ. ತಪಾಸಣೆಯ ದಿನ ಅದನ್ನು ಮುಚ್ಚಿಡಬೇಡಿ, ನುಂಗುವ ಮಾತ್ರೆಗಳ ಚೀಟಿ ಜೊತೆಗಿರಲಿ. ನೀವು ಆಗದಿದ್ದರೆ ತಮ್ಮನ ಮಕ್ಕಳು ಅರ್ಧ ಮ್ಯಾಚ್ ಇದ್ದೇ ಇರುತ್ತಾರೆ. 18 ದಾಟಿದವರಿದ್ದರೆ ಅವರ ಟೆಸ್ಟನ್ನೂ ಈಗಲೇ ಮಾಡಿಸಿಡಿ.