ಅಪ್‌ಡೇಟ್: ಇಡಿಎಸ್‌ಎಸ್ 4.0 ಇದ್ದದ್ದು 4.5 ಆದರೆ ಅದು ಪ್ರೋಗ್ರೆಷನ್ನೇ?

ಎಂಎಸ್‌ನಲ್ಲಿ (ಮಲ್ಟಿಪಲ್ ಸ್ಕ್ಲೆರೋಸಿಸ್, ಮಿದುಳು ಮತ್ತು ಬೆನ್ನುಹುರಿಯ ನರಗಳ ಕಾಯಿಲೆ) ಅಂಗವೈಕಲ್ಯ ಎಷ್ಟಿದೆ ಎಂದು ಅಳೆಯುವ ಇಡಿಎಸ್‌ಎಸ್ ಅಂಕ ಅರ್ಧ ಏರಿದರೆ ಅಂಗವೈಕಲ್ಯ ಹೆಚ್ಚಿದೆ ಎನ್ನಬಹುದೇ ಎಂದು ಕೇಳಿದ್ದೆ. ಉತ್ತರಿಸಿದವರಿಗೆಲ್ಲ ಧನ್ಯವಾದ. ಸಾಮಾನ್ಯವಾಗಿ ಬಳಸುವ ಅಳತೆ ಹೀಗಿದೆ: ಆರಂಭದ ಅಂಕ 0 ಇದ್ದರೆ 1.5, 1ರಿಂದ 5ರವರೆಗೆ 1, ಅದಕ್ಕಿಂತ ಮೇಲಿದ್ದರೆ 0.5 ಏರಬೇಕು. 12 ವಾರ, ಇನ್ನೂ ಗಟ್ಟಿಯಾಗಿ ಹೇಳಬೇಕೆಂದರೆ 24 ವಾರ ಬಿಟ್ಟು ನೋಡಿದರೂ ಏರಿಕೆ ಹಾಗೇ ಉಳಿದಿರಬೇಕು. ಹಾಗಾಗಿ 4.5 ಲೆಕ್ಕಕ್ಕಿಲ್ಲ. ರಿಲ್ಯಾಪ್ಸ್ (ರೋಗಲಕ್ಷಣಗಳು ಮತ್ತೆ ಉಲ್ಬಣಿಸುವುದು) ಅಥವಾ ಜ್ವರ ಇದ್ದಾಗ ಕೊಟ್ಟ ಅಂಕವನ್ನಂತೂ ನೆಚ್ಚಬೇಡಿ.

ಮುಖ್ಯವಾದದ್ದು ಇನ್ನೊಂದಿದೆ. 4 ದಾಟಿದ ಮೇಲೆ ಅಂಕ ಬಹುಪಾಲು ನಡಿಗೆಯ ಮೇಲೇ ನಿಂತಿದೆ. ಕೈ ಸೋತರೂ ಅಲ್ಲಿ ಕಾಣುವುದಿಲ್ಲ. ಅದಕ್ಕೇ 9 ಕಡ್ಡಿಗಳನ್ನು ರಂಧ್ರಕ್ಕಿಟ್ಟು ತೆಗೆಯುವ ಪರೀಕ್ಷೆ ಮತ್ತು 25 ಅಡಿ ನಡಿಗೆ ಎರಡನ್ನೂ ಮಾಡಿಸಿ. ನಡಿಗೆಯನ್ನು ಎರಡು ಸಲ ಅಳೆದು ಸರಾಸರಿ ಹಿಡಿಯುತ್ತಾರೆ. 6 ಸೆಕೆಂಡ್ ಇದ್ದದ್ದು 7.2 ಆದರೆ ಶೇ 20ರಷ್ಟು ನಿಧಾನವಾದಂತೆ, ಅದನ್ನು ಕಡೆಗಣಿಸಬಾರದು. ಪ್ರತಿ ಸಲವೂ ಅದೇ ಶೂ, ಅದೇ ಊರುಗೋಲು ಇರಲಿ.